ವಯಸ್ಸಾದ ನಾಯಿ ಜೋಡಿ ಗುಡ್ಡದ ದಾರಿ: ಎಷ್ಟು ನಡಸಬೇಕು, ಹೆಂಗ ಇಳಸಬೇಕು?

ಮುಪ್ಪಿನ ಲ್ಯಾಬ್ (ಹುಬ್ಬಳ್ಳಿ)

ಲ್ಯಾಬ್ರಡಾರ್, ಗಂಡು, 11 ವರ್ಷ, 34 ಕೆ.ಜಿ. ದಿನಾ ಎರಡು ಹೊತ್ತು 25 ನಿಮಿಷ ಡಾಂಬರ ರೋಡಿನ ಮ್ಯಾಲೆ ನಡೀತೈತಿ. ಮಲಗಿ ಎದ್ದ ಕೂಡ್ಲೆ ಹಿಂದಿನ ಕಾಲು ಬಿಗಿ ಇರತಾವ, ಏಳೆಂಟು ಹೆಜ್ಜಿ ಹಾಕಿದ ಮ್ಯಾಲೆ ಸಡ್ಲ ಆಗತಾವ. ಮಳಿಗಾಲ ಮುಗಿದ ಮ್ಯಾಲೆ ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತಿ, ಮಧ್ಯಾಹ್ನದೊಳಗ ವಾಪಸ್ ಬರೋ ವಿಚಾರ ಐತಿ. ಏರಿನಾಗ ಎಷ್ಟೆಷ್ಟು ಹೊತ್ತಿಗೆ ನಿಲ್ಲಸಬೇಕು, ನೀರು ಎಷ್ಟು ಒಯ್ಯಬೇಕು, ಕಾಲಿಗೆ ಬೂಟು ಬೇಕೋ ಬ್ಯಾಡೋ? ಗೊತ್ತಿದ್ದವರು ಹೇಳ್ರಿ.

ಗರಸಿನ ದಾರಿ (ಗದಗ)

ಕಪ್ಪತಗುಡ್ಡಕ್ಕ ನಾಯಿ ಒಯ್ಯಬ್ಯಾಡ್ರಿ. 2019ರಿಂದ ಅದು ವನ್ಯಜೀವಿ ಧಾಮ, 244 ಚದರ ಕಿಲೋಮೀಟರ್. ಕಾಯ್ದೆ ಮಾತು ಒತ್ತಟ್ಟಿಗಿರಲಿ, ಅಲ್ಲಿ ತೋಳ, ಕತ್ತೆಕಿರುಬ, ನರಿ ಅದಾವ. ಡಿಸ್ಟೆಂಪರ್, ಹುಚ್ಚುರೋಗ ಎರಡೂ ನಾಯಿಯಿಂದ ಅವಕ್ಕ ಹತ್ತೋ ರೋಗ. 2018ರಾಗ ಗಿರ್ ಕಾಡಿನಾಗ ಸಿಂಹಗಳು ಸತ್ತಾಗ ಡಿಸ್ಟೆಂಪರ್ ವೈರಸ್ ಸಿಕ್ಕಿತ್ತು, ನೆನಪಿರಬೇಕು. ಲಸಿಕಿ ಹಾಕಿಸಿದ ನಾಯಿನೂ ಉಣ್ಣಿ, ಹೊಟ್ಟಿಹುಳ ಬಿಟ್ಟು ಬರತೈತಿ. ಮತ್ತ ಚಿರತಿಗೆ ನಾಯಿ ಅಂದ್ರ ಸುಲಭದ ಬ್ಯಾಟಿ, ಹತ್ತು ಹೆಜ್ಜಿ ಹಿಂದ ಉಳಿಯೋ ಮುದಿ ನಾಯಿ ಇನ್ನೂ ಸುಲಭ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೂ ಇದ ಮಾತು.

ಹಂಗಾರ ಎಲ್ಲಿ? ನಿಮಗ ಹುಬ್ಬಳ್ಳಿಯಿಂದ ಕಲಘಟಗಿ ಕಡೆ ಛಲೋ. ಕಾಡಿನ ಅಂಚಿನ ಬಂಡಿ ದಾರಿ, ಸಾಗವಾನಿ ನೆರಳು, ಕೆಂಪು ಮಣ್ಣು. ಮೀಸಲು ಅರಣ್ಯದೊಳಗ ದಾರಿ ಹೊಕ್ಕರ ಮೊದಲ ವಲಯ ಅರಣ್ಯಾಧಿಕಾರಿ ಕಚೇರಿಯೊಳಗ ಕೇಳಿ ಹೋಗ್ರಿ. ಗದಗ ಕಡೆನ ಬರ್ತೀನಿ ಅಂದ್ರ ಗಜೇಂದ್ರಗಡದ ಸುತ್ತಿನ ಗುಡ್ಡದ ಮ್ಯಾಲೆ ಗಾಳಿ ಫ್ಯಾನ್ ನಿಲ್ಸಾಕ ಮಾಡಿದ ಗರಸಿನ ರಸ್ತೆ ಅದಾವ. ಉದ್ದನ ರೆಕ್ಕಿ ಹೊತ್ತ ಟ್ರೇಲರ್ ಏರಬೇಕಲ್ಲ, ಅದಕ್ಕ ತಿರುವು ದೊಡ್ಡವು, ಏರು ಸಾವಕಾಶ. ಮುದಿ ಕಾಲಿಗೆ ಇಂಥ ಏರು ಸರಿ. ಆದ್ರ ಒಂದ ಗಿಡದ ನೆರಳಿಲ್ಲ, ಬೆಳಿಗ್ಗೆ 9ರೊಳಗ ಗಾಡಿ ಮುಟ್ಟಬೇಕು. ಕಾವಲುಗಾರ ಇದ್ರ ಕೇಳಿ ಹತ್ರಿ. ಕಾಲಕಾಲೇಶ್ವರದ ಮೆಟ್ಟಿಲು ಮಾತ್ರ ಬ್ಯಾಡ.

ನೀವು ಏರಿನ ಪ್ರಶ್ನಿ ಕೇಳೀರಿ. ಮುದಿ ನಾಯಿಗೆ ಏರು ತ್ರಾಸಲ್ಲರಿ, ಇಳಿಜಾರು ತ್ರಾಸು. ಏರುವಾಗ ದಣದ್ರ ನಾಯಿ ತಾನ ನಿಲ್ಲತೈತಿ. ಇಳಿಯುವಾಗ ದಣದ್ರೂ ಮಣ್ಣು ಅದನ್ನ ಕೆಳಗ ಎಳೀತೈತಿ, ನಿಲ್ಲಾಕ ಬರಂಗಿಲ್ಲ.

ಹಾವೇರಿ ಪಶುವೈದ್ಯ

ಮೇಲಿನವರು ಹೇಳಿದ್ದು ಸರಿ. ಸಮತಟ್ಟು ನೆಲದಲ್ಲಿ ನಿಂತ ನಾಯಿ ತನ್ನ ತೂಕದ ಸುಮಾರು 60 ಪಾಲು ಮುಂಗಾಲಿನ ಮೇಲೆ, 40 ಪಾಲು ಹಿಂಗಾಲಿನ ಮೇಲೆ ಹೊರುತ್ತದೆ. ಇಳಿಜಾರಿನಲ್ಲಿ ಮುಂಗಾಲಿನ ಪಾಲು ಇನ್ನೂ ಏರುತ್ತದೆ. ನಿಮ್ಮ ನಾಯಿಗೆ ಹಿಂದೆ ಬಿಗಿತ ಕಾಣುತ್ತಿದೆ ಎಂದರೆ ಅದು ಈಗಾಗಲೇ ಭಾರವನ್ನು ಮುಂದಕ್ಕೆ ದೂಡಿ ನಡೆಯುತ್ತಿರಬಹುದು. ಲ್ಯಾಬ್ರಡಾರ್‌ಗಳಲ್ಲಿ ಮೊಣಕೈ ಸಂಧಿವಾತವೂ ಸಾಮಾನ್ಯ. ಇಳಿಯುವಾಗ ತಲೆ ಮೇಲೆ ಕೆಳಗೆ ಆಡಿಸುತ್ತಿದ್ದರೆ ಮುಂಗಾಲು ನೋಯುತ್ತಿದೆ ಎಂದು ತಿಳಿಯಿರಿ: ನೋಯುವ ಕಾಲು ನೆಲಕ್ಕೆ ತಾಗಿದಾಗ ತಲೆ ಏಳುತ್ತದೆ, ಸರಿಯಿರುವ ಕಾಲು ಊರಿದಾಗ ಇಳಿಯುತ್ತದೆ.

ಗುಡ್ಡಕ್ಕೆ ಮೊದಲು ದವಾಖಾನೆಯಲ್ಲಿ ನೋಡಿಸಬೇಕಾದ್ದು ನಾಲ್ಕು. ಹಿಂದಿನ ಸೊಂಟ ಮತ್ತು ಮೊಣಕಾಲಿನ ಸಂಧಿ, ಹೃದಯದ ಶಬ್ದ, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವುದು), ಲಿವರ್, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ನಾಲ್ಕನೆಯದು ಗಂಟಲು. ವಯಸ್ಸಾದ ಲ್ಯಾಬ್‌ಗಳಲ್ಲಿ ಧ್ವನಿಪೆಟ್ಟಿಗೆ ಪೂರ್ತಿ ತೆರೆಯದ ಕಾಯಿಲೆ ಬರುತ್ತದೆ. ಬೊಗಳುವ ದನಿ ಒಡೆದಿದ್ದರೆ, ಉಸಿರೆಳೆಯುವಾಗ ಗರಗಸ ಎಳೆದಂತೆ ಸದ್ದು ಬರುತ್ತಿದ್ದರೆ, ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ ಗುಡ್ಡದ ಯೋಚನೆಯನ್ನೇ ಬಿಡಿ. ನಾಯಿ ಮೈ ತಣಿಸಿಕೊಳ್ಳುವುದೇ ತೇಕುವುದರಿಂದ. ಆ ದಾರಿ ಕಟ್ಟಿದರೆ ಸಾಧಾರಣ ಬಿಸಿಲಿಗೂ ಮೈ ಕಾದು ಬೀಳುತ್ತದೆ.

ಹೃದಯದ್ದು ಮನೆಯಲ್ಲೇ ಸ್ವಲ್ಪ ಗೊತ್ತಾಗುತ್ತದೆ. ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 30ರೊಳಗಿರಬೇಕು. ಎರಡು ಮೂರು ರಾತ್ರಿ ಸತತ 30 ದಾಟಿದರೆ ತೋರಿಸಿ.

ತೂಕ: ಪಕ್ಕೆಲುಬಿನ ಮೇಲೆ ಕೈ ಆಡಿಸಿ. ಮುಷ್ಟಿ ಬಿಗಿದಾಗ ಗೆಣ್ಣು ಸಿಗುವಂತೆ ಎಲುಬು ಸಿಕ್ಕರೆ ತೀರ ಬಡಕಲು, ಅಂಗೈ ಚಾಚಿದಾಗ ಬೆರಳ ಬುಡದ ಎಲುಬು ಸಿಗುವಂತಿದ್ದರೆ ಸರಿ, ಒತ್ತಿದರೂ ಎಲುಬು ತಾಗದಿದ್ದರೆ ಕೊಬ್ಬು. ಕೊಬ್ಬಿದ್ದು ಸಂಧಿವಾತವೂ ಇದ್ದರೆ ತೂಕದಲ್ಲಿ ನೂರಕ್ಕೆ ಆರರಿಂದ ಒಂಬತ್ತು ಇಳಿದರೂ ಕುಂಟು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. 34 ಕೆ.ಜಿ.ಗೆ ಅದು 2ರಿಂದ 3 ಕೆ.ಜಿ. ಯಾವ ಪುಡಿ, ಗುಳಿಗೆಯೂ ಇಷ್ಟು ಅಗ್ಗದಲ್ಲಿ ಇಷ್ಟು ಕೆಲಸ ಮಾಡುವುದಿಲ್ಲ.

ಸಾಧನಕೇರಿ ಅಕ್ಕ (ಧಾರವಾಡ)

ಡಾಂಬರ ಮ್ಯಾಲೆ 25 ನಿಮಿಷ ನಡಿಯೋ ನಾಯಿನ ಒಮ್ಮೆಲೆ ಮೂರು ತಾಸು ಗುಡ್ಡಕ್ಕ ಒಯ್ಯೋದು ಅಂದ್ರ ಹ್ಯಾಂಗ್ರಿ? ತಯಾರಿ ಬೇಕು. ಮೊದಲ ಎರಡು ವಾರ ಹೊತ್ತು ಹೆಚ್ಚಸಬ್ಯಾಡ್ರಿ, ಬರೇ ನೆಲ ಬದಲಸ್ರಿ. ಒಂದು ಹೊತ್ತು ಡಾಂಬರ, ಇನ್ನೊಂದು ಹೊತ್ತು ಮಣ್ಣಿನ ದಾರಿ. ಆಮ್ಯಾಲೆ ವಾರಕ್ಕ ಒಂದು ನಡಿಗಿ ಮಾತ್ರ ಉದ್ದ ಮಾಡ್ರಿ, ಅದೂ ಹಿಂದಿನ ವಾರಕ್ಕಿಂತ ನೂರಕ್ಕ 10ರಿಂದ 15 ಹೆಚ್ಚು. ಈ ಲೆಕ್ಕದಾಗ 25 ನಿಮಿಷ ಒಂದೂವರಿ ತಾಸು ಆಗಬೇಕಂದ್ರ ಒಂಬತ್ತರಿಂದ ಹದಿಮೂರು ವಾರ. ಶ್ರಾವಣದಾಗ ಸುರು ಮಾಡಿದ್ರ ದೀಪಾವಳಿ ಸುತ್ತ ಮುತ್ತ ನಾಯಿ ತಯಾರ.

ಉದ್ದ ನಡಿಗಿ ಮರುದಿನ ಪರೀಕ್ಷಾ. ನಿಮ್ಮ ನಾಯಿಗೆ ಏಳೆಂಟು ಹೆಜ್ಜಿಗೆ ಕಾಲು ಸಡ್ಲ ಆಗತಾವ ಅಂದ್ರಿ, ಅದ ನಿಮ್ಮ ಅಳತಿ. ಮರುದಿನ ಬೆಳಿಗ್ಗೆ ಅಷ್ಟಕ್ಕ ಸಡ್ಲಾದ್ರ ನಡಿಗಿ ಸರಿ ಇತ್ತು. ಅಂಗಳ ಎರಡು ಸುತ್ತು ಹಾಕಿದ್ರೂ ಬಿಗಿ ಬಿಡಲಿಲ್ಲಂದ್ರ ಮುಂದಿನ ವಾರ ಅರ್ಧಕ್ಕ ಇಳಸ್ರಿ. ಗುಡ್ಡದ ಮ್ಯಾಲೆ ನಾಯಿ ಬಾಲ ಅಲ್ಲಾಡಸ್ತು ಅಂತ ನಂಬಬ್ಯಾಡ್ರಿ. ಲ್ಯಾಬ್ ಜಾತಿ ಸಾಯೋತನಕ ಬಾಲ ಅಲ್ಲಾಡಸ್ತಾವ! ಫೋನಿನಾಗ ತಿಂಗಳಿಗೊಮ್ಮೆ ಒಂದ ಜಾಗಾದಾಗ, ಬಾಜೂದಿಂದ ಮತ್ತ ಹಿಂದಿನಿಂದ, ನಾಯಿ ಜೋರು ನಡಿಯೋದು ತಕ್ಕೊಂಡು ಇಡ್ರಿ. ದಿನಾ ನೋಡೋ ಕಣ್ಣಿಗೆ ಫರಕು ತಿಳಿಯಂಗಿಲ್ಲ.

ಕೊರಳಪಟ್ಟಿ ಮನ್ಯಾಗ ಬಿಡ್ರಿ, ಎದಿ ಮ್ಯಾಲೆ ಇಂಗ್ಲಿಷಿನ ವೈ ಅಕ್ಷರದಂಗ ಬರೋ ಹಾರ್ನೆಸ್ ತಗೋರಿ. ಭುಜದ ಮ್ಯಾಲೆ ಅಡ್ಡ ಪಟ್ಟಿ ಬರೋದು ಬ್ಯಾಡ, ಮುಂಗಾಲು ಚಾಚಾಕ ಬಿಡಂಗಿಲ್ಲ. ಬೆನ್ನ ಮ್ಯಾಲೆ ಹಿಡಿಕಿ ಇರೋದು ಕಡ್ಡಾಯ. ಪಟ್ಟಿ ಒಳಗ ಎರಡು ಬೆರಳು ಹೋಗಬೇಕು. ಅರ್ಧ ತಾಸು ನಡಿಸಿ ಬಿಚ್ಚಿ ಬಗಲಾಗ ನೋಡ್ರಿ, ಕೂದಲ ಒಡದು ಚರ್ಮ ಕೆಂಪಾಗಿದ್ರ ಆ ಅಳತಿ ನಿಮ್ಮದಲ್ಲ.

ಗರಸಿನ ದಾರಿ (ಗದಗ)

ಇಳಿಸೋದು ಹೆಂಗ ಅಂತ ಹೇಳಿ ಬಿಡ್ತೀನಿ, ಇಲ್ಲಾಂದ್ರ ಎಲ್ಲಾರೂ ಔಷಧದ ಕಡೆ ಹೊಂಟ್ರಿ.

ಗರಸು ಅಂದ್ರ ಸಣ್ಣ ಹರಳು, ಕೆಳಗ ಗಟ್ಟಿ ನೆಲ. ಕಾಲು ಇಟ್ರ ಹರಳು ಉರುಳತಾವ. ಇಂಥಲ್ಲಿ ನೆಟ್ಟಗ ಇಳಿಸಬಾರದು, ಓರಿ ಓರಿಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಳಸಬೇಕು. ನೀವು ಯಾವಾಗಲೂ ನಾಯಿಗಿಂತ ಇಳಿಜಾರಿನ ಕೆಳಗಿನ ಬಾಜೂಕ ಇರ್ರಿ, ಹಗ್ಗ ಎರಡು ಅಡಿಗಿಂತ ಉದ್ದ ಬಿಡಬ್ಯಾಡ್ರಿ. ನಾಯಿ ಜಾರಿದ್ರ ನಿಮ್ಮ ಮೊಣಕಾಲಿಗೆ ಬಂದು ನಿಲ್ಲತೈತಿ. ಮುಂದ ನಡದು ಹಗ್ಗ ಜಗ್ಗಿದ್ರ ಎಲ್ಲಾ ಭಾರ ಮೊಣಕೈ ಮ್ಯಾಲೆ ಬೀಳತೈತಿ. ಹಾರ್ನೆಸ್ಸಿನ ಹಿಡಿಕಿ ಮ್ಯಾಲಕ್ಕ ಎತ್ತಬ್ಯಾಡ್ರಿ, ಹಿಂದಕ್ಕ ಹಗುರಾಗಿ ತಡೀರಿ. ಬ್ರೇಕು ನೀವಾಗ್ರಿ ಅಷ್ಟ.

ನಾಯಿ ಮೊಣಕೈಗಿಂತ ಎತ್ತರದ ಕಲ್ಲು ಬಂದ್ರ ಜಿಗಸಬ್ಯಾಡ್ರಿ. ಒಂದು ಕೈ ಎದಿ ಮುಂದ, ಇನ್ನೊಂದು ಕೈ ತೊಡಿ ಹಿಂದ, ನಿಮ್ಮ ಎದಿಗೆ ಒತ್ತಿ ಎತ್ತಿ ಇಳಸ್ರಿ. ಹೊಟ್ಟಿ ಅಡಿ ಕೈ ಹಾಕಿ ಎತ್ತಿದ್ರ ಬೆನ್ನು ಬಾಗತೈತಿ, ನಾಯಿ ಒದರತೈತಿ, ಗಾಬರಿಗೆ ಕಡೀಬಹುದು. 34 ಕೆ.ಜಿ. ಒಬ್ಬರಿಂದ ಎತ್ತಾಕ ಆಗಂಗಿಲ್ಲ ಅಂದ್ರ ಅಂಥ ಕಲ್ಲಿರೋ ದಾರಿಗೆ ಒಬ್ಬರ ಹೋಗಬಾರದು.

ಹಿಂಗಾಲು ಸೋತ್ರ ಸ್ನಾನದ ದೊಡ್ಡ ಟವಲ್ ಬೇಕು. ಒಂದೂವರಿ ಮೀಟರ್ ಉದ್ದದ್ದು, ಒಂದು ಗೇಣು ಅಗಲಾಗುವಂಗ ಮಡಚಿ ಹಿಂದಿನ ತೊಡಿ ಮುಂದ, ಹೊಟ್ಟಿ ಅಡಿ ಹಾಯಿಸಿ ಎರಡೂ ತುದಿ ಬೆನ್ನ ಮ್ಯಾಲೆ ಹಿಡೀರಿ. ಸಣ್ಣ ಹಗ್ಗ ಬ್ಯಾಡ, ಚರ್ಮ ಕೊರೀತೈತಿ. ಗಂಡು ನಾಯಿಗೆ ಉಚ್ಚಿ ಹೊಯ್ಯೋ ಜಾಗದ ಮ್ಯಾಲೆ ಟವಲ್ ಬರಬಾರದು, ಸ್ವಲ್ಪ ಹಿಂದ ಸರಸ್ರಿ. ಪೂರ್ತಿ ಕೂತು ಬಿಟ್ಟರ ಕಂಬಳಿ ಮ್ಯಾಲೆ ಮಲಗಿಸಿ ಇಬ್ಬರು ನಾಕೂ ಮೂಲಿ ಸುತ್ತಿ ಹಿಡದು ಹೊರಬೇಕು. ನಮ್ಮ ಕಡೆ ಕುರಿ ಉಣ್ಣೆ ಕಂಬಳಿ ಇದಕ್ಕ ಹೇಳಿ ಮಾಡಿಸಿದಂಗ ಐತಿ, ಕೈಯಾಗ ಜಾರಂಗಿಲ್ಲ. ಇಬ್ಬರಿಗೆ 34 ಕೆ.ಜಿ. ಅಂದ್ರೂ 200 ಹೆಜ್ಜಿಗೊಮ್ಮೆ ಇಳಸಬೇಕಾಗತೈತಿ. ಅದಕ್ಕ ದಾರಿಯ ಯಾವ ಜಾಗಾನೂ ಬೈಕು ಇಲ್ಲಾ ಟ್ರ್ಯಾಕ್ಟರ್ ಬರೋ ದಾರಿಯಿಂದ ಒಂದು ಕಿಲೋಮೀಟರಿಗಿಂತ ದೂರ ಇರಬಾರದು.

ದೊಡ್ಡ ಒಂದ ಸುತ್ತಿನ ದಾರಿ ಹಿಡೀಬ್ಯಾಡ್ರಿ, ಅರ್ಧಕ್ಕ ಸೋತ್ರ ಎತ್ತ ಹೋದ್ರೂ ಅಷ್ಟ ದೂರ. ಗಾಡಿ ನಡುವ ಇಟ್ಟು ಎರಡು ಸಣ್ಣ ಸುತ್ತು ಮಾಡ್ರಿ. ಒಂದು ಮುಗದ ಮ್ಯಾಲೆ ನಾಯಿ ಗಾಡಿ ಕಡೆ ಮಾರಿ ಮಾಡಿ ನಿಂತ್ರ ಮನಿಗೆ ನಡೀರಿ.

ಮುಧೋಳ ಮಂದಿ

ಲ್ಯಾಬ್ ಲೆಕ್ಕ ಎಲ್ಲಾ ನಾಯಿಗೂ ಹಾಕಬ್ಯಾಡ್ರಿ. ಮುದಿ ಮುಧೋಳ ನಾಯಿ ಇದ್ದವರೂ ಇದನ್ನ ಓದ್ತಿರಬಹುದು, ಅವರಿಗೆ: ಈ ಜಾತಿಗೆ ತೊಗಲು ತೆಳು, ಅಡಿಯಾಗ ಕೊಬ್ಬಿಲ್ಲ. ಲ್ಯಾಬಿಗೆ ತರಚಿದ ಜಾಲಿಮುಳ್ಳು ಇದಕ್ಕ ಮೂರು ಇಂಚು ಹರಿತೈತಿ. ಪೀಕಜಾಲಿ, ಕವಳಿ ಕಂಟಿ ಇರೋ ಇಕ್ಕಟ್ಟಿನ ದಾರಿ ಬಿಡ್ರಿ. ಹಿಂದಿನ ಮೂರು ಪಕ್ಕೆಲುಬು ಕಂಡ್ರ ಅದು ಬಡಕಲಲ್ಲ, ಆ ಜಾತಿ ಇರೋದ ಹಂಗ, ಡಾಕ್ಟರ್ ಸಾಹೇಬ್ರ ಗೆಣ್ಣಿನ ಲೆಕ್ಕ ಇಲ್ಲಿ ನಡಿಯಂಗಿಲ್ಲ. ತಲಿ ಕೊರಳಿಗಿಂತ ಸಣ್ಣದು, ಸಾದಾ ಪಟ್ಟಿಯೊಳಗಿಂದ ಹಿಂದಕ್ಕ ಜಗ್ಗಿ ನುಣಚತೈತಿ. ಜಗ್ಗಿದ್ರ ಬಿಗಿಯಾಗೋ ಅಗಲ ಪಟ್ಟಿ ಬೇಕು. ಡಿಸೆಂಬರಿನ ಬೆಳಿಗ್ಗೆ ಚಳಿಗೆ ಬೆನ್ನ ಮ್ಯಾಲೆ ಒಂದು ಬಟ್ಟಿ ಕಟ್ರಿ.

ಹಗ್ಗ ಬಿಡಬ್ಯಾಡ್ರಿ, ಹತ್ತು ವರ್ಷದ್ದಾದ್ರೂ. ಮೊಲ ಎದ್ದರ ವಯಸ್ಸು ಮರೀತೈತಿ, ಓಡೋದು ಓಡಿ ಆಮ್ಯಾಲೆ ನಾಕು ದಿನ ಏಳಂಗಿಲ್ಲ. ಮೊಲ ಹಿಡಿಯೋದೂ ಅಪರಾಧ ಐತಿ.

ಮುಪ್ಪಿನ ಲ್ಯಾಬ್ (ಹುಬ್ಬಳ್ಳಿ)

ಕಪ್ಪತಗುಡ್ಡ ಬಿಟ್ವಿ. ಕಲಘಟಗಿ ಕಡೆ ಬಂಡಿ ದಾರಿ ನೋಡ್ತೀವಿ. ಇನ್ನೊಂದು ಪ್ರಶ್ನಿ: ಹೊರಡೋ ದಿನ ಬೆಳಿಗ್ಗೆ ನೋವಿನ ಗುಳಿಗಿ ಕೊಟ್ಟು ಒಯ್ದ್ರ ಆರಾಮ ನಡೀತೈತಿ ಅಂತ ಕೆಲವರು ಹೇಳ್ತಾರ. ಖರೇನ ಏನ್ರಿ ಡಾಕ್ಟರ್ ಸಾಹೇಬ್ರ? ನೀರು, ಬೂಟಿನದು ಇನ್ನೂ ಯಾರೂ ಹೇಳಲಿಲ್ಲ.

ಹಾವೇರಿ ಪಶುವೈದ್ಯ

ಕೊಡಬೇಡಿ. ನೋವು ಅಡಗಿದ ನಾಯಿ ತನ್ನ ಮಿತಿ ಮೀರಿ ನಡೆಯುತ್ತದೆ, ಮರುದಿನದ ಪರೀಕ್ಷೆಯೂ ಸುಳ್ಳಾಗುತ್ತದೆ. ಇನ್ನೊಂದು ಕಾರಣ ಮೂತ್ರಪಿಂಡ. ಇಂಥ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತ ಹರಿಯುವುದನ್ನು ಕಾಯುವ ರಾಸಾಯನಿಕವನ್ನೇ ತಡೆಯುತ್ತವೆ. ಮನೆಯಲ್ಲಿ ನೀರು ಕುಡಿದು ಮಲಗಿದ ನಾಯಿಗೆ ಅದು ನಡೆಯಬಹುದು. ಬಿಸಿಲಿನಲ್ಲಿ ನೀರಾರಿದ ಮುದಿ ನಾಯಿಗೆ ಅದೇ ಡೋಸ್ ಪೆಟ್ಟು ಕೊಡುತ್ತದೆ. ವೈದ್ಯರು ದಿನಾ ಕೊಡಲು ಬರೆದುಕೊಟ್ಟಿದ್ದರೆ ಊಟದ ಜೊತೆ ಎಂದಿನಂತೆ ಕೊಡಿ, ಆದರೆ ಗುಡ್ಡಕ್ಕಾಗಿ ಹೆಚ್ಚಿಸಬೇಡಿ. ವಾಂತಿ, ಕಪ್ಪು ಟಾರಿನಂಥ ಮಲ ಕಂಡರೆ ಆ ಕ್ಷಣವೇ ನಿಲ್ಲಿಸಿ.

ಮೆಡಿಕಲ್ ಅಂಗಡಿಯ ಗುಳಿಗೆ ವಿಷಯ. ಮೆಲಾಕ್ಸಿಕ್ಯಾಮ್ ನಾಯಿಗೂ ಇದೆ, ಮನುಷ್ಯರಿಗೂ ಇದೆ. ನಾಯಿಗೆ ಮುಂದುವರಿಸುವ ಡೋಸ್ ಕೆ.ಜಿ.ಗೆ 0.1 ಮಿ.ಗ್ರಾಂ, ಅಂದರೆ 34 ಕೆ.ಜಿ.ಗೆ 3.4 ಮಿ.ಗ್ರಾಂ. ಮನುಷ್ಯರ ಗುಳಿಗೆ 7.5 ಅಥವಾ 15 ಮಿ.ಗ್ರಾಂ. ಒಂದು 15ರ ಗುಳಿಗೆ ಕೊಟ್ಟರೆ ನಾಲ್ಕು ದಿನದ್ದು ಒಂದೇ ಹೊತ್ತಿಗೆ ಹೋಯಿತು. ನಾಯಿಯ ಸಿರಪ್‌ನಲ್ಲೂ ಮಿಲಿಗೆ 1.5 ಮಿ.ಗ್ರಾಂ ಮತ್ತು 0.5 ಮಿ.ಗ್ರಾಂ ಎಂದು ಎರಡು ತೀವ್ರತೆ ಇವೆ, ಎಷ್ಟು ಮಿಲಿ ಎಂದು ಪಕ್ಕದ ಮನೆಯವರನ್ನು ಕೇಳಿ ಹಾಕುವುದು ಅದಕ್ಕೇ ಅಪಾಯ. ದನದ ಇಂಜೆಕ್ಷನ್‌ಗಳಲ್ಲಿ ಕೆಲವಕ್ಕೆ ಮೆಲಾಕ್ಸಿಕ್ಯಾಮ್ ಜೊತೆ ಪ್ಯಾರಾಸಿಟಮಾಲ್ ಬೆರೆಸಿರುತ್ತಾರೆ, ದನಕ್ಕೆ ಉಳಿದದ್ದನ್ನು ನಾಯಿಗೆ ಚುಚ್ಚಿಸಬೇಡಿ. ಐಬುಪ್ರೊಫೆನ್, ಡಿಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ.

ನೀರು: ಮನೆಯಲ್ಲಿ ಕುಳಿತ ನಾಯಿಗೇ ದಿನಕ್ಕೆ ಕೆ.ಜಿ.ಗೆ 50ರಿಂದ 60 ಮಿಲಿ ಬೇಕು. ನಿಮ್ಮದಕ್ಕೆ ಒಂದೂವರೆ ಎರಡು ತಾಸಿನ ನಡಿಗೆಗೆ ಕುಡಿಯಲು ಒಂದೂವರೆ ಲೀಟರ್, ಮೈಗೆ ಹಾಕಲು ಬೇರೆ ಎರಡು ಲೀಟರ್. 20 ನಿಮಿಷಕ್ಕೊಮ್ಮೆ 150 ಮಿಲಿಯಷ್ಟು ಕೊಡಿ. ಒಮ್ಮೆಲೆ ಅರ್ಧ ಲೀಟರ್ ಕುಡಿಸಿದರೆ ಅದು ಗಾಳಿಯನ್ನೂ ನುಂಗಿ ವಾಂತಿ ಮಾಡುತ್ತದೆ. ಕುಡಿಯುವ ನೀರಿನ ಮೂರನೇ ಒಂದು ಪಾಲು ಮುಗಿದ ಕೂಡಲೇ ಹಿಂದಿರುಗಿ. ಹೊಂಡ, ಹಳ್ಳದ ನಿಂತ ನೀರು ಬೇಡ, ಇಲಿ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ. ಆ ಲಸಿಕೆ ಪ್ರತಿ ವರ್ಷ ಹಾಕಿಸಬೇಕಾದದ್ದು.

ಮೈ ಕಾದದ್ದನ್ನು ಗುರುತಿಸುವುದು ಹೀಗೆ. ನಾಲಿಗೆ ಸೌಟಿನಂತೆ ಅಗಲವಾಗಿ ಹೊರಚಾಚಿ ತುದಿ ಮಡಚಿಕೊಳ್ಳುತ್ತದೆ, ಜೊಲ್ಲು ಅಂಟಂಟಾಗುತ್ತದೆ, ಒಸಡು ಇಟ್ಟಿಗೆ ಕೆಂಪಾಗುತ್ತದೆ, ನೆರಳಲ್ಲಿ ಹತ್ತು ನಿಮಿಷ ನಿಂತರೂ ತೇಕು ಇಳಿಯುವುದಿಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟರೆ ಸಾಮಾನ್ಯ ಉಷ್ಣತೆ ಸುಮಾರು 101ರಿಂದ 102.5 ಫ್ಯಾರನ್‌ಹೀಟ್. ನಡಿಗೆಯಲ್ಲಿ 103 ಆಗಬಹುದು. 105 ಮುಟ್ಟಿದರೆ ಅಲ್ಲೇ ತಣಿಸಬೇಕು. ಬಾಟಲಿಯ ನೀರನ್ನು ಹೊಟ್ಟೆ, ತೊಡೆಸಂದು, ಕಂಕುಳಿಗೆ ಸುರಿದು ಟವಲಿನಿಂದ ಗಾಳಿ ಬೀಸಿ. ಒದ್ದೆ ಟವಲ್ ಹೊದಿಸಿ ಬಿಡಬೇಡಿ, ಎರಡು ನಿಮಿಷದಲ್ಲಿ ಅದೇ ಬಿಸಿಯಾಗಿ ಶಾಖ ಹಿಡಿದಿಡುತ್ತದೆ. 103.5ಕ್ಕೆ ಇಳಿದಾಗ ನಿಲ್ಲಿಸಿ, ಇಲ್ಲದಿದ್ದರೆ ತೀರ ತಣ್ಣಗಾಗುತ್ತದೆ. ಆಮೇಲೆ ಎದ್ದು ಓಡಾಡಿದರೂ ದವಾಖಾನೆಗೆ ಒಯ್ಯಲೇಬೇಕು. ರಕ್ತ ಹೆಪ್ಪುಗಟ್ಟುವುದರ ತೊಂದರೆ, ಮೂತ್ರಪಿಂಡದ ತೊಂದರೆ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತವೆ.

ಸಾಧನಕೇರಿ ಅಕ್ಕ (ಧಾರವಾಡ)

ಬೂಟಿನ ಜಗಳ ನಾನು ಸುರು ಮಾಡ್ತೀನಿ. ನಾಕೂ ಕಾಲಿಗೆ ದಪ್ಪ ಬೂಟು ಬ್ಯಾಡ. ಮುದಿ ನಾಯಿ ನೆಲ ತಿಳಕೊಳ್ಳೋದು ಅಂಗಾಲಿನಿಂದ, ಉಗುರು ಊರೂದರಿಂದ. ಬೂಟು ಹಾಕಿದ್ರ ಕಲ್ಲಿನ ಮ್ಯಾಲೆ ಬರ್ಫದ ಮ್ಯಾಲೆ ನಡದಂಗ ನಡೀತದ. ಬೆವರು ಬರೋದೂ ಅಂಗಾಲಿನಾಗ, ಒಳಗ ನೆನದು ತೊಗಲು ಮೆತ್ತಗಾಗ್ತದ.

ಗರಸಿನ ದಾರಿ (ಗದಗ)

ಅಕ್ಕಾರ, ಹಿಂಗಾಲಿಗೆ ಮಾತ್ರ ಹಾಕೋದು ಐತಲ್ಲ. ಹಿಂದಿನ ನಡುವಿನ ಎರಡು ಉಗುರು ಮ್ಯಾಲಿನ ಬಾಜೂಕ ಸವದಿದ್ರ ನಾಯಿ ಕಾಲು ಎಳದು ನಡೀತೈತಿ ಅಂತ ಅರ್ಥ. ಗರಸಿನ ಮ್ಯಾಲೆ ಒಂದು ತಾಸಿಗೆ ಉಗುರು ಸವದು ರಕ್ತ ಬರತೈತಿ. ಅಂಥದಕ್ಕ ಹಿಂದಿನ ಎರಡು ಕಾಲಿಗೆ ತೆಳು ರಬ್ಬರಿನ ಬೂಟು ಬೇಕ ಬೇಕು. 20 ನಿಮಿಷಕ್ಕೊಮ್ಮೆ ಬಿಚ್ಚಿ ಗಾಳಿ ಆಡಸ್ರಿ.

ಹಾವೇರಿ ಪಶುವೈದ್ಯ

ಇಬ್ಬರ ಮಾತೂ ಒಪ್ಪುವಂಥದ್ದೇ, ಆದರೆ ಕಾಲೆಳೆಯುವ ನಾಯಿಯನ್ನು ಬೂಟು ಕೊಳ್ಳುವ ಮೊದಲು ನಮಗೆ ತೋರಿಸಿ. ಪಾದವನ್ನು ಮಗುಚಿ ಬೆರಳ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟು ನೋಡಿ. ಕೂಡಲೇ ತಿರುಗಿಸಿಕೊಳ್ಳಬೇಕು. ಹಾಗೇ ನಿಂತರೆ ತೊಂದರೆ ಸಂಧಿಯದ್ದಲ್ಲ, ಬೆನ್ನುಹುರಿಯದ್ದು. ಅದಕ್ಕೆ ಗುಡ್ಡ ಬೇಡ.

ಕಲಘಟಗಿ ಬಯಲು

ಗುಡ್ಡಕ್ಕಿಂತ ಗುಡ್ಡದ ಬುಡದಾಗಿನ ಹೊಲ ಕೆಟ್ಟದ್ದು. ಬಂಡಿ ದಾರಿ ಅಂದ್ರ ಎರಡೂ ಬಾಜೂ ಹೊಲ, ಇದನ್ನ ಯಾರೂ ಹೇಳಲಿಲ್ಲ.

ಮೊದಲನೇದು ಕೃಷಿಹೊಂಡ. ಒಳಗ ಕರಿ ಪ್ಲಾಸ್ಟಿಕ್ ಹಾಳಿ ಹಾಸಿರತಾರ. ನಾಯಿ ನೀರಿಗೆ ಇಳೀತು ಅಂದ್ರ ಹಾಳಿ ಮ್ಯಾಲೆ ಉಗುರು ನಿಲ್ಲಂಗಿಲ್ಲ, ಹತ್ತಾಕ ಬರಂಗಿಲ್ಲ. ಹರೇದ ನಾಯಿನ ಸೋತು ಮುಳಗತಾವ, ಮುದಿ ಲ್ಯಾಬು ನೀರು ಕಂಡ್ರ ಜಿಗಿಯೋ ಜಾತಿ ಬ್ಯಾರೆ. ಹೊಂಡ ಕಂಡ ಕೂಡ್ಲೆ ಹಗ್ಗ ಸಣ್ಣ ಮಾಡ್ರಿ. ಬಿದ್ದರ ನೀವು ಹಾರಬ್ಯಾಡ್ರಿ, ನಿಮಗೂ ಹತ್ತಾಕ ಬರಂಗಿಲ್ಲ. ದಂಡಿ ಮ್ಯಾಲಿಂದ ಕಂಬಳಿ ಇಲ್ಲಾ ಹಗ್ಗ ಬಿಡ್ರಿ. ಹಾರ್ನೆಸ್ಸಿನ ಹಿಡಿಕಿಗೆ ಕೊಕ್ಕಿ ಬಿದ್ದರ ಜಗ್ಗಾಕ ಬರತೈತಿ, ಕೊರಳಪಟ್ಟಿ ಇದ್ದರ ಉರುಲಾಗತೈತಿ.

ಎರಡನೇದು ಗೋವಿನಜೋಳ. ಸೈನಿಕ ಹುಳಕ್ಕ ಅಕ್ಕಿತೌಡು, ಬೆಲ್ಲ, ಕೀಟನಾಶಕ ಕಲಸಿ ಒಂದೆರಡು ದಿನ ಹುಳಿ ಬಿಟ್ಟು ಸುಳಿಯೊಳಗ ಹಾಕತಾರ, ವಿಷ ಪಾಷಾಣ ಅಂತಾರ. ಬೆಲ್ಲದ ವಾಸನಿಗೆ ನಾಯಿ ಬರತೈತಿ. ಬದುವಿನ ಮ್ಯಾಲೆ ಕಲಸಿದ ಬುಟ್ಟಿ, ತೊಳದ ನೀರು ಇದ್ರೂ ಸಾಕು. ಜೊಲ್ಲು ಧಾರಾಕಾರ, ಕಣ್ಣಿನ ಗೊಂಬಿ ಸಣ್ಣ ಚುಕ್ಕಿ ಆಗೋದು, ಮೈ ನಡುಗೋದು ಕಂಡ್ರ ಗಾಡಿ ಹತ್ತಸ್ರಿ, ಔಷಧದ ಡಬ್ಬಿ ಹೆಸರಿನ ಫೋಟೊ ತಕ್ಕೊಂಡು ಓಡ್ರಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಸಾಕ ಹೋಗಬ್ಯಾಡ್ರಿ.

ಕಾಡಹಂದಿಗೆ ಅಂತ ಬೇಲಿ ಸಂದಿಯೊಳಗ ಉರುಲು ಇಟ್ಟಿರತಾರ, ಕೆಲವು ಕಡೆ ತಿನಸಿನ ಉಂಡಿಯೊಳಗ ಸಿಡಿಮದ್ದು ಇಡೋ ಪಾಪಿಗಳೂ ಅದಾರ. ಕಿವಿ ಮಂದಾದ ನಾಯಿ ನಿಮ್ಮ ಕೂಗು ಕೇಳಂಗಿಲ್ಲ. ನೆಲದ ಮ್ಯಾಲೆ ಏನ ಕಂಡ್ರೂ ಬಾಯಿ ಹಾಕದಂಗ ಹಗ್ಗ ಕೈಯಾಗ ಇರಲಿ. ಕುರಿ ಹಿಂಡು ಕಂಡ್ರ ಅರ್ಧ ಫರ್ಲಾಂಗು ಸುತ್ತಿ ಹೋಗ್ರಿ. ಕುರಿ ಕಾಯೋ ನಾಯಿ ನಿಮ್ಮ ನಾಯಿ ವಯಸ್ಸು ಕೇಳಂಗಿಲ್ಲ. ಕುರುಬರನ್ನ ಮೊದಲ ದೂರಿಂದ ಕೂಗಿ ಮಾತಾಡಸ್ರಿ, ಅವರು ತಮ್ಮ ನಾಯಿ ಕರಕೋತಾರ.

ಮಣ್ಣಿಂದೂ ಒಂದು ಮಾತು. ಗದಗ, ನರಗುಂದ, ನವಲಗುಂದ ಕಡೆ ಎರಿ ಭೂಮಿ, ಮಳಿ ಬಿದ್ದ ಎರಡು ಮೂರು ದಿನ ಕಾಲಿಡಬ್ಯಾಡ್ರಿ. ಬೆರಳ ಸಂದಿಯೊಳಗ ಎರಿ ಮಣ್ಣು ಕಡ್ಲಿ ಕಾಳಿನಷ್ಟಿದ್ದದ್ದು ಹತ್ತು ನಿಮಿಷಕ್ಕ ನಿಂಬಿಹಣ್ಣಿನಷ್ಟು ಆಗತೈತಿ, ಒಣಗಿದ್ರ ಕಲ್ಲು. ಬೆರಳು ಅಗಲಾಗಿ ನಾಯಿ ಕುಂಟತೈತಿ. ಜಗ್ಗಿ ಕೀಳಬ್ಯಾಡ್ರಿ, ನೀರಾಗ ನೆನಸಿ ಬಿಡಸ್ರಿ. ಹೋಗೋ ಮುಂಚೆ ಅಂಗಾಲಿನ ಸಂದಿ ಕೂದಲ ಅಂಗಾಲಿನ ಮಟ್ಟಕ್ಕ ಕತ್ತರಸಿದ್ರ ಅರ್ಧ ತ್ರಾಸು ತಪ್ಪತೈತಿ. ನೆಗ್ಗಿಲಮುಳ್ಳು ಹೊಕ್ಕಿದ್ದೂ ಆವಾಗ ಕಾಣತೈತಿ.

ಗರಸಿನ ದಾರಿ (ಗದಗ)

ಊಬಿನ ಹುಲ್ಲು ಮರತ್ರಿ. ದಸರಾದಿಂದ ಸಂಕ್ರಾಂತಿತನಕ ಗುಡ್ಡದ ಹುಲ್ಲು ಒಣಗಿ ಊಬು ಉದರತೈತಿ, ಪ್ಯಾಂಟಿಗೆ ಚುಚ್ಚಿಕೊಳ್ಳೋದು ಅದ. ಅದರ ಮುಳ್ಳು ಹಿಂದಕ್ಕ ಬಾಗಿರತಾವ, ಅದಕ್ಕ ಮುಂದ ಮುಂದ ಹೊಕ್ಕತೈತಿ ಹೊರತು ಹಿಂದಕ್ಕ ಬರಂಗಿಲ್ಲ. ಬೆರಳ ಸಂದಿ, ಕಿವಿ, ಕಣ್ಣಿನ ರೆಪ್ಪಿ ಅಡಿ ನೋಡ್ರಿ. ನಡದು ಬಂದ ಮ್ಯಾಲೆ ಒಂದ ಕಡೆ ತಲಿ ಝಾಡಸ್ತಿದ್ರ ಕಿವಿಯೊಳಗ ಊಬು ಐತಿ, ನೀವು ಚಿಮಟಿಗೆ ಹಾಕಾಕ ಹೋಗಬ್ಯಾಡ್ರಿ. ಮೊಣಕಾಲುದ್ದ ಹುಲ್ಲಿದ್ದ ದಾರಿ ಆ ತಿಂಗಳಾಗ ಬಿಟ್ಟು ಬಿಡ್ರಿ, ಹಾವಿನ ದೃಷ್ಟಿಯಿಂದನೂ ಛಲೋ.

ಹಾವೇರಿ ಪಶುವೈದ್ಯ

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಐಸ್ ಇಡುವುದು ಬೇಡ. ಹಾರ್ನೆಸ್ ಬಿಚ್ಚಿ, ಬಾವು ಬಂದಾಗ ಅದೇ ಬಿಗಿಯುತ್ತದೆ. ನಡೆಸಬೇಡಿ, ಕಂಬಳಿಯಲ್ಲಿ ಹೊತ್ತು ತನ್ನಿ. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ, ಮನುಷ್ಯರಿಗೆ ಕೊಡುವುದೇ ನಾಯಿಗೂ. ಎಲ್ಲ ದವಾಖಾನೆಯಲ್ಲೂ ಅದು ಇರುವುದಿಲ್ಲ. ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ಎಲ್ಲಿದೆ, ಭಾನುವಾರ ತೆರೆದಿರುತ್ತದೆಯೇ ಎಂದು ಕೇಳಿಟ್ಟುಕೊಳ್ಳಿ.

ಉಣ್ಣಿ: ಮನೆಗೆ ಬಂದ ದಿನವೇ ಕಿವಿಯ ಒಳಮಡಿಕೆ, ಬೆರಳ ಸಂದಿ, ಹಾರ್ನೆಸ್ ಕೆಳಗೆ, ಬಾಲದ ಬುಡದಲ್ಲಿ ಹುಡುಕಿ. ಚಿಮಟದಲ್ಲಿ ಚರ್ಮದ ಸನಿಹಕ್ಕೆ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ತಾಗಿಸಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ನಾಯಿಯೊಳಗೆ ಕಕ್ಕುವ ಸಂಭವ ಹೆಚ್ಚು. ಉಣ್ಣಿ ಔಷಧ ಹೊರಡುವ ವಾರಕ್ಕೆ ಮೊದಲೇ ಹಾಕಿರಬೇಕು. ಫಿಟ್ಸ್ ಬರುವ ನಾಯಿಯಾದರೆ ತಿನ್ನಿಸುವ ಉಣ್ಣಿ ಗುಳಿಗೆ ಕೊಡುವ ಮುನ್ನ ವೈದ್ಯರಿಗೆ ತಿಳಿಸಿ. ನಡಿಗೆಯ ಒಂದರಿಂದ ಮೂರು ವಾರದ ನಂತರ ಜ್ವರ, ಬಿಳಿಚಿದ ಒಸಡು, ಕಾಫಿ ಬಣ್ಣದ ಮೂತ್ರ ಕಂಡರೆ ಉಣ್ಣಿಯಿಂದ ಬರುವ ಬೇಬಿಸಿಯಾ ಎಂಬ ರಕ್ತದ ರೋಗ ಇರಬಹುದು. ಮೂಗಿನಲ್ಲಿ ರಕ್ತ ಬಂದರೆ ಉಣ್ಣಿಯಿಂದಲೇ ಬರುವ ಇನ್ನೊಂದು ರೋಗ ಎರ್ಲಿಕಿಯಾ ಇರಬಹುದು. ಮುದಿ ನಾಯಿ ಮಂಕಾದರೆ ವಯಸ್ಸಿನ ಮೇಲೆ ಹಾಕಿ ಬಿಡುತ್ತಾರೆ, ನಮ್ಮಲ್ಲಿಗೆ ತರುವಷ್ಟರಲ್ಲಿ ಹಿಮೋಗ್ಲೋಬಿನ್ ಪಾತಾಳಕ್ಕೆ ಹೋಗಿರುತ್ತದೆ.

ಸಾಧನಕೇರಿ ಅಕ್ಕ (ಧಾರವಾಡ)

ಬುತ್ತಿ ಬಗ್ಗೆ ಎರಡು ಮಾತು. ನಡಿಯೋ ಮುಂಚೆ ಮೂರು ತಾಸು, ಬಂದ ಮ್ಯಾಲೆ ಒಂದು ತಾಸು ಹೊಟ್ಟಿ ತುಂಬ ಹಾಕಬ್ಯಾಡ್ರಿ, ಎದಿ ಆಳ ಇರೋ ನಾಯಿಗೆ ಹೊಟ್ಟಿ ತಿರುಚಿಕೊಳ್ಳೋ ಅಪಾಯ ಅದ. ದಾರಿಯಾಗ ಬೇಯಿಸಿದ ತತ್ತಿ ಅರ್ಧ, ಇಲ್ಲಾ ಸಪ್ಪನ ರೊಟ್ಟಿ ಚೂರು ಸಾಕು. ನೀವು ಗಿರ್ಮಿಟ್ಟು ತಿನ್ನುವಾಗ ಅದು ಮಾರಿ ನೋಡ್ತದ, ಕೊಡಬ್ಯಾಡ್ರಿ, ಉಳ್ಳಾಗಡ್ಡಿ ನಾಯಿಯ ರಕ್ತಕಣ ಒಡೀತದ. ಶೇಂಗಾ ಚಟ್ನಿಯಾಗ ಬೆಳ್ಳೊಳ್ಳಿ, ಅದೂ ಹಂಗ. ಒಣದ್ರಾಕ್ಷಿ ಒಂದೂ ಬ್ಯಾಡ.

ಮುಪ್ಪಿನ ಲ್ಯಾಬ್ (ಹುಬ್ಬಳ್ಳಿ)

ಎಲ್ಲಾರದೂ ಬರಕೊಂಡೆ. ಈ ವಾರ ರಕ್ತ ತಪಾಸಣಿ, ಆಮ್ಯಾಲೆ ಮಣ್ಣಿನ ದಾರಿ 25 ನಿಮಿಷದಿಂದ ಸುರು. ಕೊನೀಗೆ ಗಾಡಿ ಹತ್ತಿಸೋದು: ಡಿಕ್ಕಿ ನೆಲದಿಂದ 65 ಸೆಂ.ಮೀ. ಎತ್ತರ ಐತಿ. ನಾಕು ಅಡಿ ಹಲಗಿ ಐತಿ ಮನ್ಯಾಗ, ಅದಕ್ಕ ಗೋಣಿಚೀಲ ಮೊಳಿ ಹೊಡದು ಇಳಿಜಾರು ಮಾಡಿದ್ರ ನಡೀತೈತೇನು?

ಗರಸಿನ ದಾರಿ (ಗದಗ)

ನಾಕು ಅಡಿಗೆ 65 ಸೆಂ.ಮೀ. ಅಂದ್ರ 30 ಡಿಗ್ರಿ ಮ್ಯಾಲೆ ಆತು, ಗುಡ್ಡಕ್ಕಿಂತ ಕಡಿದು. ಆರು ಅಡಿ ಹಲಗಿ ತಗೋರಿ, 20ರ ಸುತ್ತ ಬರತೈತಿ. ಅಗಲ ಒಂದೂವರಿ ಅಡಿಗೆ ಕಡಿಮಿ ಬ್ಯಾಡ. ಅದರ ಮ್ಯಾಲೆ ನಾಯಿ ನಡಸೋದು ಮೊದಲ ಮನಿ ಅಂಗಳದಾಗ, ಹಲಗಿ ನೆಲದ ಮ್ಯಾಲ ಹಾಸಿ ಕಲಸ್ರಿ, ಆಮ್ಯಾಲೆ ಒಂದು ತುದಿಗೆ ಇಟ್ಟಂಗಿ ಇಟ್ಟು ಎತ್ತರಸ್ರಿ.

ಸಾಧನಕೇರಿ ಅಕ್ಕ (ಧಾರವಾಡ)

ಮೊಳಿ ಹೊಡೀಬ್ಯಾಡ್ರಿ. ಗೋಣಿ ಸವದ ಮ್ಯಾಲೆ ಮೊಳಿ ತಲಿ ಮ್ಯಾಲೆ ಬಂದು ಅಂಗಾಲು ಹರೀತದ. ಹಲಗಿ ಸುತ್ತ ಗೋಣಿ ಬಿಗಿಯಾಗಿ ಸುತ್ತಿ, ಕೆಳಗಿನ ಬಾಜೂಕ ದಬ್ಬಣದಿಂದ ಹುರಿ ಹಾಕಿ ಹೊಲೀರಿ. ಒದ್ದಿ ಆದ್ರ ಬಿಚ್ಚಿ ಒಗದು ಹಾಕಾಕೂ ಬರ್ತದ.